ಹಿಂದೆ ಕೂರುವವರ ಮಾತು

ನಮ್ಮೂರಲ್ಲಿ ಗಾಡಿ ಕೊಳ್ಳುವವರಿಗೆ ಗಾಡಿ ಆರಿಸುವ ಹಕ್ಕಿಲ್ಲ. ಆರಿಸಬೇಕಾದವರು ಹಿಂದೆ ಕೂರುವವರು. ಬೀಳುವವರು ಅವರೇ ಅಲ್ಲವೇ, ಅದಕ್ಕೆ. ಅವರು ಬಾಯಿ ಬಿಟ್ಟು ‘ಇದೇ ಇರಲಿ’ ಅನ್ನುವ ತನಕ ಅಂಗಡಿಯವನು ಗಾಡಿ ಮಾರುವುದಿಲ್ಲ, ಪ್ರಾಣ ಹೋದರೂ ಮಾರುವುದಿಲ್ಲ. ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಮಾಡಿದನೋ ನನಗೆ ಗೊತ್ತಿಲ್ಲ. ಅವನ ಮನೆಯಲ್ಲಿ ನಮ್ಮನೆಯವರಂಥ ಮನುಷ್ಯ ಇರಲಿಲ್ಲ ಅನ್ನುವುದು ಮಾತ್ರ ಖಂಡಿತ. ಇದ್ದಿದ್ದರೆ ಆ ಪುಣ್ಯಾತ್ಮ ಪದ್ಧತಿ ಮಾಡುವುದು ಬಿಟ್ಟು ಕಾಶಿಗೆ ಹೊರಟುಹೋಗುತ್ತಿದ್ದ.

ನಮ್ಮ ರಸ್ತೆ ದಿನಾ ಬೆಳಿಗ್ಗೆ ಒಂದೊಂದು ಥರ ಎದ್ದೇಳುತ್ತದೆ. ಒಂದು ದಿನ ನುಣ್ಣನೆ ಡಾಂಬರು, ಮಾರನೆಯ ದಿನ ಕಾಲು ಹೂತುಹೋಗುವ ಮರಳು, ಅದರ ಮಾರನೆಯ ದಿನ ಕುಂಬಳಕಾಯಿ ಗಾತ್ರದ ಗುಂಡುಕಲ್ಲು. ಒಮ್ಮೆ ಎದ್ದ ಮೇಲೆ ಸಂಜೆಯವರೆಗೂ ಅದೇ. ಬೇರೆ ಊರಿನ ಜನ ಎದ್ದ ಕೂಡಲೇ ದೇವರ ಪಟ ನೋಡುತ್ತಾರಂತೆ. ನಾವು ಬಾಗಿಲು ತೆಗೆದು ರಸ್ತೆ ನೋಡುತ್ತೇವೆ. ‘ತಿಂಡಿ ಆಯ್ತಾ’ ಅನ್ನುವುದಕ್ಕೆ ಮುಂಚೆ ‘ಇವತ್ತೇನ್ ಬಂದೈತೆ’ ಅಂತ ಕೇಳುತ್ತೇವೆ. ಕಲ್ಲು ಬಂದ ದಿನ ಮೊಟ್ಟೆ ಮಾರುವವಳು ಬರುವುದಿಲ್ಲ. ಕೆಸರು ಬಂದ ದಿನ ಬಿಳಿ ಪಂಚೆಯವರು ಹೊರಗೆ ಕಾಲಿಡುವುದಿಲ್ಲ. ಮರಳು ಬಂದ ದಿನ ಮೇಷ್ಟರು ಎಷ್ಟು ತಡವಾಗಿ ಬಂದರೂ ಯಾರೂ ಯಾಕೆ ಅನ್ನುವುದಿಲ್ಲ. ಹಿಂದೊಮ್ಮೆ ಬಸ್ಸು ಬಿಟ್ಟು ನೋಡಿದರು; ಡ್ರೈವರು ಒಂದೇ ವಾರಕ್ಕೆ ಊರಿಗೆಲ್ಲ ಕೈ ಮುಗಿದು ಹೊರಟುಹೋದ. ಹಾಗಾಗಿ ನಮಗೆ ಒಗ್ಗುವುದು ಡಾಂಬರಿಗೂ ಕಲ್ಲುಮಣ್ಣಿಗೂ ಸಲ್ಲುವ ಮೋಟರ್‌ಬೈಕು ಮಾತ್ರ. ಪೇಟೆಯವರು ಅದಕ್ಕೆ ಡ್ಯುಯಲ್ ಸ್ಪೋರ್ಟ್ ಅನ್ನುತ್ತಾರಂತೆ. ಸ್ಪೋರ್ಟ್ ಅಂತೆ ಸ್ಪೋರ್ಟು! ಇಲ್ಲಿ ಮನೆಯಿಂದ ಅಂಗಡಿಗೆ ಹೋಗಿ ಬರುವುದೇ ಒಂದು ಗಂಡಾಂತರ, ಆಟ ಯಾರಿಗೆ ಬೇಕಾಗಿದೆ? ನಾವು ಎರಡು ದಾರಿ ಗಾಡಿ ಅನ್ನುತ್ತೇವೆ.

ನಮ್ಮನೆಯವರು ಚಿಕ್ಕರಂಗಯ್ಯ ಅಂತ. ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಗಾಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಮುಟ್ಟಿಸಿದವರು. ಕಲ್ಲಿರಲಿ ಕೆಸರಿರಲಿ, ಚಿಕ್ಕರಂಗಯ್ಯನ ಹಾಲು ಚೆಲ್ಲುವುದಿಲ್ಲ ಅಂತ ಊರೇ ಹೇಳುತ್ತಿತ್ತು. ಅಂಥವರಿಗೆ ಹೋದ ವರ್ಷ ಎರಡು ಕಿಡ್ನಿಯೂ ಕೈಕೊಟ್ಟವು. ವಾರಕ್ಕೆ ಎರಡು ಸಲ ರಸ್ತೆಯ ಆ ತುದಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅದಕ್ಕಾಗಿ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದಾರೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಏನನ್ನೂ ಬಿಗಿಯಾಗಿ ಹಿಡಿಯುವಂತಿಲ್ಲ. ಕ್ಲಚ್ ಹಿಡಿಯುವುದು ಅದೇ ಕೈಯಲ್ಲಿ. ಅಲ್ಲಿಗೆ ಇವರ ಸವಾರಿ ಮುಗಿಯಿತು. ನಮಗೆ ಮಕ್ಕಳಿಲ್ಲ. ಇನ್ನು ಗಾಡಿ ಓಡಿಸುವವಳು ನಾನು, ದೇವೀರಮ್ಮ. ಹಿಂದೆ ಕೂರುವವರು ಇವರು. ನನಗೇನು ಓಡಿಸಲು ಬರುವುದಿಲ್ಲವೇ? ನಮ್ಮೂರಲ್ಲಿ ಗಾಡಿ ಬಾರದ ಹೆಂಗಸು ಅಂದರೆ ಮುದ್ದೆ ಕಟ್ಟಲು ಬಾರದ ಹೆಂಗಸು ಅಂದ ಹಾಗೆ. ಆದರೆ ಇಬ್ಬರೂ ಜೊತೆಯಲ್ಲಿ ಹೋಗುವಾಗ ಮುಂದೆ ಕೂರುತ್ತಿದ್ದವರು ಯಾವತ್ತೂ ಇವರೇ.

ನಮ್ಮ ಹಳೆಯ ಗಾಡಿ ಇವರ ಕಿಡ್ನಿಗಿಂತ ಮೊದಲೇ ಪ್ರಾಣ ಬಿಟ್ಟಿತ್ತು. ಕ್ಯಾನು ಹೊತ್ತು ಹೊತ್ತು ಅದರ ಚಾಸಿ ನಡುವೆ ಮುರಿದು ಎರಡು ಹೋಳಾಯಿತು. ಅಲ್ಲಿಂದೀಚೆಗೆ ಆಸ್ಪತ್ರೆಗೆ ಹೋಗಿಬರಲು ಆಚೆ ಬೀದಿಯ ಓಬಳೇಶನ ಟ್ರ್ಯಾಕ್ಟರ್ ಇತ್ತು. ಟ್ರೇಲರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಹೆಗಲಿಗೆ ಟವೆಲ್ ಹಾಕಿಕೊಂಡು, ದಾರಿಯುದ್ದ ಎಲ್ಲರನ್ನೂ ಮಾತಾಡಿಸಿಕೊಂಡು ಇವರು ಪಾಳೇಗಾರನ ಹಾಗೆ ಹೋಗುತ್ತಿದ್ದರು. ಆದರೆ ರಾಗಿ ಒಕ್ಕಣೆ ಶುರುವಾದರೆ ಟ್ರ್ಯಾಕ್ಟರ್ ಮೂರು ತಿಂಗಳು ಊರಲ್ಲೇ ಇರುವುದಿಲ್ಲ. ಓಬಳೇಶ ಅದನ್ನು ಮುಂಚೆಯೇ ಹೇಳಿದ್ದ, ಪಾಪ. “ಅಕ್ಕಾ, ಒಕ್ಕಣೆ ಒಳಗೆ ಒಂದು ಗಾಡಿ ಮಾಡ್ಕೊಳಿ, ಆಮೇಲೆ ನನ್ನ ಬೈಬ್ಯಾಡಿ” ಅಂದಿದ್ದ.

ಹೊರಟೆವು ಖಲಂದರ್ ಸಾಬರ ಅಂಗಡಿಗೆ. ಊರಿಗೆಲ್ಲ ಗಾಡಿ ಮಾರುವವರು ಅವರೊಬ್ಬರೇ. ಅಂಗಳದಲ್ಲಿ ಎರಡು ಗಾಡಿ ನಿಲ್ಲಿಸಿದ್ದರು. ಒಂದು ನಮ್ಮ ಮುರಿದ ಗಾಡಿಯದೇ ಜಾತಿ, ಎಂಜಿನ್ ಬಿಚ್ಚಿ ಜೋಡಿಸಿ ಹೊಸ ಬಣ್ಣ ಬಳಿದದ್ದು. ಇನ್ನೊಂದು ಹೊಚ್ಚ ಹೊಸದು, ಕೊಕ್ಕರೆಯ ಹಾಗೆ ಕಾಲುದ್ದ, ಮುಂದುಗಡೆ ಮೊಬೈಲಿನಂಥದೊಂದು ಗಾಜು.

“ನೋಡ್ರಮ್ಮ, ಇದ್ದದ್ದು ಇದ್ದಂಗೆ ಹೇಳ್ಬಿಡ್ತೀನಿ” ಅಂದರು ಸಾಬರು. “ಹಳೇದು ಹಗುರ. ಬಿದ್ರೆ ನೀವೊಬ್ರೇ ಎತ್ತಿ ನಿಲ್ಲಿಸ್ಬೋದು. ಕೆಟ್ರೆ ಒಂದು ತಂತಿ, ಒಂದು ಸ್ಪ್ಯಾನರ್ ಸಾಕು, ದಾರೀಲೇ ಕೂತು ಸರಿ ಮಾಡ್ಕೊಬೋದು. ಆದ್ರೆ ಕಿಕ್ ಹೊಡೀಬೇಕು, ಬೆಳಿಗ್ಗೆ ಹೊತ್ತು ಸ್ವಲ್ಪ ಮೊಂಡು. ಹೊಸದು ತೂಕ ಜಾಸ್ತಿ. ಬಟನ್ ಒತ್ತಿದ್ರೆ ಸ್ಟಾರ್ಟು, ಬ್ರೇಕ್ ಹಿಡಿದ್ರೆ ಚಕ್ರ ಜಾರಲ್ಲ, ಹಿಂದಿನ ಶಾಕ್ ಬೆಣ್ಣೆ ಇದ್ದಂಗೆ. ಕೆಟ್ರೆ ಮಾತ್ರ ನನ್ನ ಕೈಲೂ ಏನೂ ಆಗಲ್ಲ, ಕಂಪ್ಯೂಟರ್ ಇರೋ ಊರಿಗೆ ಹೊತ್ಕೊಂಡು ಹೋಗ್ಬೇಕು. ಇನ್ನು ಹಿಂದೆ ಕೂರೋರು ಹೇಳ್ಲಿ.”

ನನಗೆ ಹೊಸದರ ಮೇಲೆ ಮನಸ್ಸು. ಬಣ್ಣ ನೋಡಿ ಅಲ್ಲ. ನನ್ನ ಬಲ ಮೊಣಕಾಲು ಸವೆದುಹೋಗಿದೆ, ಕಿಕ್ ಹೊಡೆಯುವುದು ನನ್ನಿಂದಾಗದ ಕೆಲಸ. ಹಿಂದಿನ ಶಾಕ್ ಮೆತ್ತಗಿದ್ದರೆ ಇವರ ಮೈಯೂ ಅಷ್ಟು ಕುಲುಕುವುದಿಲ್ಲ. ಬಿದ್ದರೆ ಅಷ್ಟು ತೂಕ ನಾನೊಬ್ಬಳೇ ಎತ್ತಲಾರೆ, ನಿಜ. ಆದರೂ ಬೀಳದ ಹಾಗೆ ಓಡಿಸಿದರಾಯಿತು ಅಂದುಕೊಂಡೆ. “ಹಿಂದೆ ಕೂತು ನೋಡ್ರೀ” ಅಂದೆ. ಇವರು ಟವೆಲ್ ಕೊಡವಿ, ಸೀದಾ ಹೋಗಿ ಹಳೆಯ ಗಾಡಿಯ ಮುಂದಿನ ಸೀಟಿನಲ್ಲಿ ಕೂತರು.

“ಹಿಂದೆ ಅಂದೆ.”

“ನೋಡ್ತಾ ಇವ್ನಿ ಇರೇ.”

ಹ್ಯಾಂಡಲ್ ಹಿಡಿದು ಆಕಡೆ ಈಕಡೆ ತಿರುಗಿಸಿದರು. ಆಮೇಲೆ ಇಳಿದು ಹೊಸದರ ಮೇಲೆ ಕೂತರು. ಅಲ್ಲೂ ಮುಂದೆಯೇ! ಗಾಜು ತಟ್ಟಿದರು, ಮೂತಿ ಸೊಟ್ಟ ಮಾಡಿದರು, “ಯೋಚ್ನೆ ಮಾಡಿ ಹೇಳ್ತೀನಿ ಸಾಬ್ರೇ” ಅಂತ ಮನೆಗೆ ಬಂದರು. ಅಷ್ಟೇ. ಅವತ್ತು ಶುರುವಾದ ಯೋಚನೆ ಮುಗಿಯಲಿಲ್ಲ.

ದಿನಾ ಒಂದೊಂದು ತಗಾದೆ. ಮೊಸರಲ್ಲಿ ಕಲ್ಲು ಹುಡುಕುವುದು ಅಂತಾರಲ್ಲ, ಅದು. ಹೊಸ ಗಾಡಿಯ ಸದ್ದೇ ಕೇಳುವುದಿಲ್ಲ, ಎದುರಿಗೆ ಬರುವ ಎಮ್ಮೆಗೆ ಹೇಗೆ ಗೊತ್ತಾಗಬೇಕು? ಎಮ್ಮೆಯ ಚಿಂತೆ ಇವರಿಗೆ! ಆ ಗಾಜಿಗೆ ಕೆಸರು ಮೆತ್ತಿದರೆ ಗತಿಯೇನು? ಪೆಟ್ರೋಲನ್ನು ಅದೇನೋ ಇಂಜೆಕ್ಷನ್ ಕೊಟ್ಟು ಬಿಡುತ್ತದಂತೆ, ಇಂಜೆಕ್ಷನ್ ಸಹವಾಸ ನನಗೊಬ್ಬನಿಗೆ ಸಾಲದೇ, ಗಾಡಿಗೂ ಬೇಕೇ? ಡಾಂಬರು ಬಂದ ದಿನ ಇಬ್ಬರೂ ಬಾಗಿಲಲ್ಲಿ ನಿಂತಿದ್ದರೆ “ಇಂಥ ರಸ್ತೆಗಾದ್ರೆ ಹೊಸದೇ ಸರಿ” ಅನ್ನುವರು. ಸರಿ, ಚಪ್ಪಲಿ ಮೆಟ್ಟಿಕೊಳ್ಳಿ ಅಂದರೆ “ನಾಳೆ ಕಲ್ಲು ಬಂದ್ರೆ?” ಅನ್ನುವರು. ಕಲ್ಲು ಬಂದ ದಿನ “ಇದಕ್ಕೆ ಹಳೇದೇ ಆಗ್ಬೇಕು” ಅನ್ನುವರು. ಸರಿ, ಅದಕ್ಕಾದರೂ ಹೊರಡಿ ಅಂದರೆ “ನಾಳೆ ಡಾಂಬರು ಬಂದ್ರೆ?” ನನಗೆ ತಲೆ ಚಿಟ್ಟು ಹಿಡಿದುಹೋಯಿತು. ನಮ್ಮ ರಸ್ತೆಯಾದರೂ ದಿನಕ್ಕೊಂದೇ ಸಲ ಬದಲಾಗುತ್ತದೆ.

ಊರವರ ಬಾಯಿಗಂತೂ ಬೀಗವಿಲ್ಲ. ಪಕ್ಕದ ಮನೆಯ ಗಂಗಹನುಮಕ್ಕ ದಿನಾ ಬೆಳಿಗ್ಗೆ ಪೊರಕೆ ಹಿಡಿದುಕೊಂಡೇ ಬರುವಳು. “ಹಳೇದು ತಗೊಳ್ಳೇ ದೇವೀರಿ, ಹಳೇದು ಕೈ ಬಿಡಲ್ಲ. ನಮ್ಮನೇದು ನೋಡು, ನಮ್ಮತ್ತೆ ಕಾಲದ್ದು.” ಅವರ ಗಾಡಿ ಕೈ ಬಿಡುವುದಿಲ್ಲ, ನಿಜ, ಯಾಕೆಂದರೆ ಅದನ್ನು ಯಾವಾಗಲೂ ಇಬ್ಬರು ಹಿಡಿದುಕೊಂಡೇ ತಳ್ಳುತ್ತಿರುತ್ತಾರೆ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂತ ಸುಮ್ಮನಾದೆ. ಅವಳ ಬೆನ್ನಿಗೇ ಇನ್ನೊಬ್ಬರು ಬಂದು ಹೊಸದೇ ಸರಿ, ಕಾಲಕ್ಕೆ ತಕ್ಕ ಕೋಲ ಅನ್ನುವರು. ಎಲ್ಲರ ಮಾತಿಗೂ ಇವರು ತಲೆಯಾಡಿಸುವರು. ಕಾಫಿ ಮಾಡಿ ಮಾಡಿ ನನ್ನ ಡಬ್ಬ ಖಾಲಿಯಾಯಿತು.

ಒಂದು ದಿನ ಕೈ ಜೋಡಿಸಿದೆ. “ಆಯ್ತು, ಹಳೇದೇ ತಗೊಳಣ. ಹೂಂ ಅನ್ನಿ. ಆದ್ರೆ ಕಿಕ್ ಯಾರ್ ಹೊಡೀತಾರೆ? ನನ್ನ ಮಂಡಿ ನಿಮಗೆ ಗೊತ್ತಲ್ಲ.”

ಇವರ ಮುಖ ಅರಳಿದ್ದು ನೋಡಬೇಕಿತ್ತು. “ನಾನ್ ಹೊಡೀತೀನಿ ಕಣೇ! ಎಡಗೈಗೆ ತಾನೇ ರಜಾ? ಕಾಲಿಗೇನಾಗೈತೆ? ನಾನು ಸ್ಟಾರ್ಟ್ ಮಾಡಿ ಕೊಡೋದು, ನೀನು ಓಡ್ಸೋದು.”

ಬೇಡ ಅನ್ನಲು ಬಾಯಿ ಬರಲಿಲ್ಲ. ಎಷ್ಟೋ ತಿಂಗಳಿಂದ ಆ ಮುಖದಲ್ಲಿ ಅಂಥ ಗೆಲುವು ಕಂಡಿರಲಿಲ್ಲ. ಸಾಬರ ಅಂಗಳಕ್ಕೆ ಹೋದೆವು. ಇವರು ಪಂಚೆ ಎತ್ತಿ ಕಟ್ಟಿ, ಕಿಕ್ಕರ್ ಮೇಲೆ ಕಾಲಿಟ್ಟು ಹೊಡೆದರು. ಗಾಡಿ ಕೆಮ್ಮಿತು. ಇನ್ನೊಂದು ಹೊಡೆದರು. ಕೆಮ್ಮಲೂ ಇಲ್ಲ. ಚೋಕ್ ಎಳೆದರು, ಬಿಟ್ಟರು, ಮತ್ತೆ ಹೊಡೆದರು. ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು. “ಸಾಕು ಬಿಡ್ರೀ” ಅಂದೆ. “ನೀನ್ ಸುಮ್ನಿರು” ಅಂದರು. ಕೊನೆಗೊಮ್ಮೆ ಗಾಡಿ ಗುಡುಗಿಕೊಂಡು ಎದ್ದಿತು. ಇವರು ನನ್ನ ಕಡೆ ತಿರುಗಿ ನಕ್ಕರು. ನಗುತ್ತಲೇ ಹ್ಯಾಂಡಲ್ ಮೇಲೆ ಬಗ್ಗಿ ನಿಂತುಬಿಟ್ಟರು. ತುಟಿ ಬೆಳ್ಳಗಾಗಿತ್ತು. ಖಲಂದರ್ ಸಾಬರು ಓಡಿಬಂದು ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದರು. ಗಾಡಿ ತನ್ನಷ್ಟಕ್ಕೆ ಆರಿಹೋಯಿತು.

ಉಸಿರು ಹತೋಟಿಗೆ ಬಂದ ಮೇಲೆ ಇವರು ಹೇಳಿದ್ದೇನು? “ಕಾರ್ಬುರೇಟರ್ ಸರಿ ಇಲ್ಲ ಸಾಬ್ರೇ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮೂರಲ್ಲಿ ನೆಲ ನಿಜವಾಗಿಯೂ ಡೊಂಕಾದ್ದರಿಂದ ಈ ಗಾದೆಯನ್ನು ಯಾರ ಮೇಲೂ ಪ್ರಯೋಗಿಸುವಂತಿಲ್ಲ, ಅದೊಂದು ಸಂಕಟ. ಸಾಬರು ದೊಡ್ಡ ಮನುಷ್ಯರು. “ಹೌದು ಯಜಮಾನ್ರೇ, ಕ್ಲೀನ್ ಮಾಡಿಸ್ಬೇಕು” ಅಂದರು. ದಾರಿಯಲ್ಲಿ ನಾನು ಬಾಯಿಗೆ ಬಂದಂತೆ ಬೈದೆ. ಎದೆ ಹಿಡಿದುಕೊಂಡು ಬಿದ್ದಿದ್ದರೆ ಏನು ಗತಿ, ನಿಮಗೆ ಹಟ ಹೆಚ್ಚೋ ಪ್ರಾಣ ಹೆಚ್ಚೋ ಅಂತೆಲ್ಲ ಕೂಗಾಡಿದೆ. ಭಯವಾಗಿತ್ತು ನನಗೆ. ಭಯವಾದರೆ ನನಗೆ ಬರುವುದು ಬೈಗುಳವೇ, ಏನು ಮಾಡಲಿ? ಇವರು ಮನೆಗೆ ಬಂದು ಗೋಡೆಗೆ ಒರಗಿ ಕೂತು, “ಎರಡೂ ಬ್ಯಾಡ, ಟ್ರ್ಯಾಕ್ಟರೇ ಸಾಕು” ಅಂದರು.

ಟ್ರ್ಯಾಕ್ಟರ್ ಆ ವಾರವೇ ಒಕ್ಕಣೆಗೆ ಹೋಯಿತು.

ಆಸ್ಪತ್ರೆಗೆ ಹೋಗುವ ದಿನ ಮರಳು ಬಂದಿತ್ತು. ಬೇರೆ ದಾರಿ ಕಾಣದೆ ಎತ್ತಿನ ಗಾಡಿ ಹೇಳಿಸಿದೆ. ಕೆರೆ ಏರಿಯ ಹತ್ತಿರ ಚಕ್ರ ಅಚ್ಚಿನ ತನಕ ಹೂತುಕೊಂಡಿತು. ಎತ್ತುಗಳು ಒಂದು ಸಲ ನಮ್ಮ ಮುಖ ನೋಡಿ, ಇನ್ನು ನಿಮ್ಮ ಪಾಡು ಅಂತ ಮಲಗಿಬಿಟ್ಟವು. ಬಿಸಿಲು ಇಳಿಯುವ ತನಕ ಅಲ್ಲೇ ಕೂತಿದ್ದು ವಾಪಸ್ ಬಂದೆವು. ಆ ಸಲದ ಡಯಾಲಿಸಿಸ್ ತಪ್ಪಿತು. ಎರಡೇ ದಿನಕ್ಕೆ ಇವರ ಪಾದ ಊದಿಕೊಂಡು ಚಪ್ಪಲಿ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಕೂತೇ ಇದ್ದರು. ಊಟ ಬೇಡ, ಮಾತು ಬೇಡ. ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ ಫೋನ್ ಮಾಡಿ ನನ್ನನ್ನು ಚೆನ್ನಾಗಿ ಝಾಡಿಸಿದರು. ಆ ಸಿಸ್ಟರು ಮಾತಿನಲ್ಲಿ ನನಗಿಂತ ಖಾರ. “ದೇವೀರಮ್ಮ, ಒಂದು ಸಲ ತಪ್ಪಿದೆ, ದೇವ್ರು ಕಾಪಾಡಿದ್ದಾನೆ. ಇನ್ನೊಂದು ಸಲ ತಪ್ಪಿದ್ರೆ ನೀವು ಗಾಡಿ ಹುಡುಕ್ಬೇಡಿ, ಹೊರೋಕೆ ನಾಲ್ಕು ಜನ ಹುಡುಕಿ. ಗೊತ್ತಾಯ್ತಾ?”

ಗೊತ್ತಾಯಿತು. ಫೋನಿಟ್ಟು ಅಡುಗೆಮನೆಗೆ ಹೋಗಿ, ಸುಮ್ಮಸುಮ್ಮನೆ ಪಾತ್ರೆ ತೊಳೆದೆ. ತೊಳೆದದ್ದನ್ನೇ ತೊಳೆದೆ. ಇವರಿಲ್ಲದ ಮನೆಯಲ್ಲಿ ನಾನು ಯಾರನ್ನು ಬೈದುಕೊಂಡು ಬದುಕಲಿ ಅಂತ ಅಳು ಬಂತು.

ಮುಂದಿನ ಸರದಿಯ ದಿನ ಬಾಗಿಲು ತೆಗೆದರೆ ಗುಂಡುಕಲ್ಲು. ನಮ್ಮ ಮೆಟ್ಟಿಲಿಂದ ಹಿಡಿದು ಕಣ್ಣು ಹಾಯುವ ತನಕ ಕಲ್ಲೇ ಕಲ್ಲು. ಬೇಕೆಂದೇ ಎದ್ದಿತ್ತು ಹಾಳು ರಸ್ತೆ. ಇವರಿಗೆ ಗಂಜಿ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಆ ಕಲ್ಲಿನ ಮೇಲೆ ತಡವರಿಸಿಕೊಂಡು ಸಾಬರ ಅಂಗಡಿಗೆ ಹೋದೆ. ಹಳೆಯದಕ್ಕೆ ಕಿಕ್ ಹೊಡೆಯುವವರು ಇಲ್ಲ ಅನ್ನುವುದು ತೀರ್ಮಾನವಾಗಿತ್ತು. “ಹೊಸದರ ಕೀಲಿ ಕೊಡಿ” ಅಂದೆ.

ಸಾಬರು ಟೋಪಿ ಸರಿ ಮಾಡಿಕೊಂಡರು. “ಅಮ್ಮಾ, ಯಜಮಾನ್ರ ಮಾತು...”

“ಮಾತಂತೆ! ಆ ಮನುಷ್ಯನ ಮಾತು ಕಾಯ್ತಾ ಕೂತ್ರೆ ತಿಥಿ ದಿನ ಗಾಡಿ ಮನೆಗೆ ಬತ್ತದೆ.”

“ಬಿಡ್ತು ಅನ್ನಿ ತಾಯಿ.” ಅವರ ಕಣ್ಣೂ ಒದ್ದೆಯಾಯಿತು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ಒಂದು ಕೆಲ್ಸ ಮಾಡಣ. ಹಿಂದೆ ಕೂರೋರು ಕೂತು ಒಂದ್ಸಲ ಓಡಾಡಿ ನೋಡ್ಬೋದು, ಅದಕ್ಕೆ ಅಡ್ಡಿ ಇಲ್ಲ. ಗಾಡಿ ನಿಮ್ಮ ಬಾಗಿಲಿಗೆ ನಾನೇ ತತ್ತೀನಿ. ಯಜಮಾನ್ರನ್ನ ಕೂರಿಸ್ಕೊಂಡು ಆಸ್ಪತ್ರೆಗೆ ಹೋಗಿ ಬನ್ನಿ, ಅದನ್ನೇ ಪರೀಕ್ಷೆ ಅನ್ಕೊತೀನಿ. ಕೂರಿಸೋದು ಮಾತ್ರ ನಿಮ್ಮ ಜವಾಬ್ದಾರಿ.”

ಗಾಡಿ ಮನೆ ಮುಂದೆ ಬಂದು ನಿಂತಿತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಗಂಗಹನುಮಕ್ಕ ಪೊರಕೆ ಸಮೇತ ಜಗಲಿ ಹತ್ತಿದಳು. ಇವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಊದಿದ ಪಾದಕ್ಕೆ ನನ್ನ ಹಳೆಯ ರಬ್ಬರ್ ಚಪ್ಪಲಿ, ಅದೂ ಅರ್ಧ ಮಾತ್ರ ಒಳಗೆ. ನಾನು ಮುಂದೆ ಹತ್ತಿ ಕೂತು ಬಟನ್ ಒತ್ತಿದೆ. ಗಾಡಿ ಮೆತ್ತಗೆ ಗುರುಗುಟ್ಟಿತು. “ಹತ್ರೀ” ಅಂದೆ.

ಹತ್ತಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದರು. ದೇವಸ್ಥಾನದಲ್ಲಿ ಪ್ರದಕ್ಷಿಣೆಯನ್ನೂ ಇಷ್ಟು ನಿಧಾನ ಮಾಡಿದವರಲ್ಲ. ಹಿಂದಿನ ಸೀಟಿನ ಹತ್ತಿರ ನಿಂತು, “ಇದಕ್ಕೆ ಕ್ಯಾರಿಯರೇ ಇಲ್ವಲ್ಲ” ಅಂದರು.

ನನಗೆ ನೆತ್ತಿಗೇರಿತು. “ಕ್ಯಾರಿಯರ್ ಯಾಕೆ? ಹಾಲು ಹಾಕಕ್ಕೆ ಹೊಂಟಿದ್ದೀರಾ? ಕ್ಯಾನ್ ಎಲ್ಲಿ ಕಟ್ಬೇಕು ಅಂತ ಯೋಚ್ನೇನಾ ಈಗ?”

“ಕ್ಯಾನಿಗಲ್ಲ ಕಣೇ.”

“ಮತ್ತೆ?”

ಸಾಬರ ಕಡೆ ಒಮ್ಮೆ, ಜಗಲಿಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. ದನಿ ಎಷ್ಟು ಸಣ್ಣಗಿತ್ತೆಂದರೆ ಎಂಜಿನ್ ಸದ್ದಿನಲ್ಲಿ ನನಗೇ ಕಷ್ಟಪಟ್ಟು ಕೇಳಿತು. “ಹಿಡ್ಕೊಳಾಕೆ ಏನೈತೆ ಇದ್ರಲ್ಲಿ? ಹಳೇದ್ರಲ್ಲಿ ಕ್ಯಾರಿಯರ್ ಆದ್ರೂ ಇತ್ತು. ನಂಗಿರೋದು ಒಂದೇ ಕೈಯಿ. ಬಿದ್ದೋಯ್ತೀನೇನೋ ಅಂತ ಭಯ ಆಯ್ತದೆ ದೇವೀರಿ.”

ಅಯ್ಯೋ ಶಿವನೇ! ಎಮ್ಮೆ, ಗಾಜು, ಇಂಜೆಕ್ಷನ್ನು, ಕಾರ್ಬುರೇಟರು, ಇಷ್ಟು ದಿನ ನನ್ನ ರಕ್ತ ಹೀರಿದ್ದು ಇದಕ್ಕಾ? ನಮ್ಮೂರ ಗಂಡಸರು ಹಿಂದೆ ಕೂತರೆ ಕ್ಯಾರಿಯರ್ ಹಿಡಿಯುತ್ತಾರೆ. ಹೆಂಡತಿಯನ್ನು ಹಿಡಿದುಕೊಂಡು ಹಾಡಹಗಲಲ್ಲಿ ಬೀದಿಯಲ್ಲಿ ಹೋದ ಗಂಡಸನ್ನು ನಾನಂತೂ ಕಂಡಿಲ್ಲ. ಆದರೆ ಹೇಳಬಹುದಿತ್ತಲ್ಲ? ಬಾಯಲ್ಲಿ ಕಡುಬಿತ್ತೇ? ಸಿಟ್ಟು, ದುಃಖ ಎರಡೂ ಒಟ್ಟಿಗೇ ಬಂದು ನನ್ನ ಗಂಟಲು ಹರಿಯುವ ಹಾಗೆ ಕೂಗಿಬಿಟ್ಟೆ.

“ನಾನಿಲ್ವೇನ್ರೀ? ಇಷ್ಟು ದಪ್ಪ ಹೆಂಗಸು ಮುಂದೆ ಕೂತಿದ್ದೀನಿ, ಕಣ್ಣಿಗೆ ಕಾಣಲ್ವಾ? ನನ್ನ ಹಿಡ್ಕೊಳಿ!”

“ಮೆಲ್ಲಗೆ ಮಾತಾಡೇ, ಜನ ಅವ್ರೆ...”

“ಇರ್ಲಿ! ಇಪ್ಪತ್ತು ವರ್ಷ ನಾನು ಏನ್ ಹಿಡ್ಕೊಂಡು ಕೂತಿದ್ದೆ ಅನ್ಕೊಂಡಿದ್ದೀರಿ? ನಿಮ್ಮ ಕ್ಯಾರಿಯರ್ ತುಂಬ ಕ್ಯಾನು, ಆಕಡೆ ಕ್ಯಾನು, ಈಕಡೆ ಕ್ಯಾನು. ನಿಮ್ಮನ್ನೇ ತಾನೇ ಹಿಡ್ಕೊಂಡಿದ್ದೆ? ನನಗೆ ಭಯ ಆಗ್ತಿರ್ಲಿಲ್ವಾ?”

“ನೀನು ಹೆಂಗಸು. ನಾನು ಹೆಂಗೆ...”

“ಹೌದು, ಹೆಂಗಸು. ನೀವು ಸತ್ರೆ ಅಳೋಳೂ ಈ ಹೆಂಗಸೇ. ಆವತ್ತು ಈ ಬೀದಿಯೋರು ಬಂದು ಒಂದು ಹೊತ್ತು ಅತ್ತು, ಕೈಕಾಲು ತೊಳ್ಕೊಂಡು ಊಟಕ್ಕೆ ಹೋಯ್ತಾರೆ. ಹತ್ತೀರೋ ಇಲ್ವೋ?”

ಗಂಗಹನುಮಕ್ಕ ಪೊರಕೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನೆಲ ನೋಡುತ್ತಿದ್ದಳು. ಸಾಬರು ಇದ್ದಕ್ಕಿದ್ದಂತೆ ಟೈರಿನಲ್ಲಿ ಗಾಳಿ ಇದೆಯೇ ಅಂತ ಒತ್ತಿ ನೋಡತೊಡಗಿದರು. ಇವರು ನನ್ನ ಭುಜದ ಮೇಲೆ ಕೈ ಊರಿ, ಕಾಲೆತ್ತಲಾರದೆ ಎತ್ತಿ, ಹಿಂದೆ ಹತ್ತಿ ಕೂತರು. ಕೂತ ಮೇಲೆ ಬಲಗೈಯಲ್ಲಿ ಸೀಟಿನ ಅಂಚು ಹಿಡಿದುಕೊಂಡರು. ಅದನ್ನು ಹಿಡಿದರೆ ಏನು ಪ್ರಯೋಜನ, ಬೆರಳು ಕೂಡ ಸರಿಯಾಗಿ ಸಿಕ್ಕುವುದಿಲ್ಲ. ನಾನು ಗೇರ್ ಹಾಕಿದೆ.

ಮೊದಲನೆಯ ಕಲ್ಲಿಗೆ ಗಾಡಿ ಎಗರಿದಾಗ ಇವರ ಕೈ ನನ್ನ ಸೆರಗಿಗೆ ಬಂತು. ಎರಡನೆಯದಕ್ಕೆ ಸೆರಗು ಬಿಟ್ಟು ಸೊಂಟ ಸುತ್ತಿತು. ಕಲ್ಲಿನ ಮೇಲೆ ಕಲ್ಲು, ಗಾಡಿ ಕೋಣದ ತೂಕ, ನನ್ನ ತುದಿಗಾಲು ಮಾತ್ರ ನೆಲಕ್ಕೆ ಎಟಕುತ್ತಿತ್ತು. ಹುಣಸೆಮರದ ತಿರುವಿನಲ್ಲಿ ಗಾಡಿ ಒಂದು ಪಕ್ಕಕ್ಕೆ ವಾಲಿತು. ಮುಗಿಯಿತು ಕಥೆ ಅಂದುಕೊಂಡೆ. ಗಾಜಿನಲ್ಲಿ ಕೆಂಪು ದೀಪ ಮಿಣುಕಿತು. ಅದಕ್ಕೂ ಬೈದೆ. ಅಷ್ಟರಲ್ಲಿ ಹಿಂದಿನಿಂದ ಇವರು ಶುರು ಮಾಡಿದರು.

“ಕಲ್ಲು ನೋಡ್ಬ್ಯಾಡ, ಕಲ್ಲಿನ ಸಂದಿ ನೋಡೇ. ಎಲ್ಲಿ ನೋಡ್ತೀಯೋ ಗಾಡಿ ಅಲ್ಲಿಗೇ ಹೋಯ್ತದೆ.”

“ನೋಡ್ತಾ ಇದ್ದೀನಲ್ಲ!”

“ಎಲ್ಲಿ ನೋಡ್ತಾ ಇದ್ದೀಯ? ಎಡಕ್ಕೆ ತಗೋ. ಆಕ್ಸಲರೇಟರ್ ಬಿಡ್ಬ್ಯಾಡ, ಬಿಟ್ರೆ ಮಲಗ್ಬಿಡ್ತದೆ. ಹಾ, ಹಂಗೇ. ಅದ್ಯಾಕೆ ಕ್ಲಚ್ಚನ್ನ ಹಂಗೆ ಹಿಂಡ್ತೀಯ, ಅದೇನ್ ನಿಂಬೆಹಣ್ಣಾ?”

ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಗೇರು ತಪ್ಪು, ಬ್ರೇಕು ತಪ್ಪು, ನಾನು ಕೂತ ರೀತಿಯೇ ತಪ್ಪು. ಎರಡು ದಿನದಿಂದ ಒಂದು ಮಾತೂ ಆಡದ ಮನುಷ್ಯ! ನಾನೂ ತಿರುಗಿ ತಿರುಗಿ ಬೈದೆ. ಉಸಿರು ಕಟ್ಟಿದಾಗ ಮಾತ್ರ ನನ್ನ ಬೆನ್ನಿಗೆ ಹಣೆ ಆನಿಸಿ ಸುಮ್ಮನಾಗುವರು. ಆಗ ನಾನು ನೆಟ್ಟಗೆ ಎದುರಿನ ಸಂದಿ ನೋಡಿಕೊಂಡು ಓಡಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಬೈದರೆ ಬೈಯಲಿ, ಬೈಯುತ್ತಲೇ ಇರಲಿ ಅನ್ನಿಸಿತು.

ಆಸ್ಪತ್ರೆಯ ಗೇಟು ಬಂತು. ಸಿಸ್ಟರ್ ಫಿಲೋಮಿನಾ ಗಾಲಿಕುರ್ಚಿ ಹಿಡಿದುಕೊಂಡು ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದರು. ಗಾಡಿ ನಿಲ್ಲಿಸಿ ಕಾಲು ಊರಿದೆ. ಇವರು ಇಳಿಯಲಿಲ್ಲ. ಕೈ ನನ್ನ ಸೊಂಟದ ಮೇಲೇ ಇತ್ತು.

“ಬಂತು, ಇಳೀರಿ” ಅಂದೆ.

ಅಲ್ಲಾಡಲಿಲ್ಲ.

“ಕೈ ತೆಗೀರಿ ಅಂದ್ರೆ. ಸಿಸ್ಟರ್ ನೋಡ್ತಾವ್ರೆ.”

“ನೋಡ್ಲಿ ಬಿಡು” ಅಂದರು. ಒಂದೆರಡು ಸಲ ಉಸಿರೆಳೆದುಕೊಂಡು, ನನ್ನ ಬೆನ್ನಿಗೇ ಹೇಳಿದರು, “ಸಾಬ್ರಿಗೆ ಹೇಳ್ಬಿಡು. ಇದೇ ಇರ್ಲಿ.”

ಈ ಮಾತಿಗೆ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಇದನ್ನು ಮೊದಲೇ ಬೊಗಳೋಕೆ ಏನಾಗಿತ್ತು ಅಂತ ಕೇಳಲು ಬಾಯಿ ತೆರೆದವಳು, ಎಂಜಿನ್ ಆರಿಸಿ, ಇವರು ತಾವಾಗಿ ಕೈ ತೆಗೆಯುವ ತನಕ ಹಾಗೇ ಕೂತಿದ್ದೆ.